ಸೋಡಾ ಪುಡಿಯ ತನಿಖೆ: ಅಗ್ಗದ ಮಾಲು ಯಾವಾಗ ಅನ್ಯಾಯದ ಮಾಲಾಗುತ್ತದೆ?

2024ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ ಟನ್ನಿಗೆ 20,108 ರೂಪಾಯಿಗಿಂತ ಕಡಿಮೆ ಬೆಲೆಯ ಸೋಡಾ ಆಷ್ ದೇಶದೊಳಗೆ ಬರುವಂತಿಲ್ಲ ಎಂದಿತು. ಆರು ತಿಂಗಳಿಗೆಂದು ಹಾಕಿದ ನಿರ್ಬಂಧ ಅದು. 2025ರ ಜೂನ್ ಮುಗಿಯುವಾಗ ಅದನ್ನು ಡಿಸೆಂಬರ್‌ವರೆಗೆ ಮುಂದುವರಿಸಿದರು. ಇದೇ ಹೊತ್ತಿನಲ್ಲಿ ದೆಹಲಿಯ ಇನ್ನೊಂದು ಕಚೇರಿಯಲ್ಲಿ ಟರ್ಕಿ, ರಷ್ಯಾ, ಅಮೆರಿಕ ಮತ್ತು ಇರಾನ್‌ನಿಂದ ಬರುವ ಅದೇ ಸೋಡಾ ಆಷ್ ಮೇಲೆ ಸುರಿ ವಿರೋಧಿ, ಅಂದರೆ ಆ್ಯಂಟಿ ಡಂಪಿಂಗ್, ತನಿಖೆ ನಡೆಯುತ್ತಿತ್ತು. ಆ ತನಿಖೆಯಲ್ಲಿ ತಪ್ಪು ಸಾಬೀತಾದರೂ ಸುಂಕ ಹಾಕಬೇಕೋ ಬೇಡವೋ ಎಂದು ಹೇಳುವುದು ಮೂರನೆಯ ಕಚೇರಿ.

ಒಂದು ಬಿಳಿ ಪುಡಿಗೆ ಮೂರು ಕಚೇರಿ. ಓದುವವರಿಗೆ ತಲೆಬುಡ ಅರ್ಥವಾಗದಿದ್ದರೆ ಅದು ಅವರ ತಪ್ಪಲ್ಲ. ಅದಕ್ಕಿಂತ ಮೊದಲ ಪ್ರಶ್ನೆಯೇ ಬೇರೆ. ಹೊರಗಿನವರು ಅಗ್ಗಕ್ಕೆ ಕೊಡ್ತೀನಿ ಅಂದರೆ ಸರ್ಕಾರ ಯಾಕೆ ಬೇಡ ಅನ್ನಬೇಕು?

ಯಾವ ಪುಡಿ ಇದು?

ಅಂಗಡಿಯಲ್ಲಿ ವಾಷಿಂಗ್ ಸೋಡಾ, ಸೋಡಾ ಪುಡಿ ಅಂತ ಸಿಗುತ್ತಲ್ಲ, ಅದರ ಕಾರ್ಖಾನೆ ರೂಪವೇ ಸೋಡಾ ಆಷ್. ರಸಾಯನದ ಹೆಸರು ಸೋಡಿಯಂ ಕಾರ್ಬೊನೇಟ್. ಬಯಲುಸೀಮೆಯಲ್ಲಿ ಹಿಂದೆ ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳು ಮಣ್ಣಿನಲ್ಲಿ ಕೊಳೆ ತೆಗೆಯುತ್ತಿದ್ದದ್ದೂ ಇದೇ ವಸ್ತು.

ಈಗ ಇದರ ದೊಡ್ಡ ಗಿರಾಕಿಗಳು ಇಬ್ಬರು: ಬಟ್ಟೆ ಒಗೆಯುವ ಪುಡಿ ಮಾಡುವವರು ಮತ್ತು ಗಾಜು ಮಾಡುವವರು. ಮರಳನ್ನು ಬರೀ ಬೆಂಕಿಯಲ್ಲಿ ಕರಗಿಸಲು ವಿಪರೀತ ಶಾಖ ಬೇಕು. ಸೋಡಾ ಆಷ್ ಬೆರೆಸಿದರೆ ಕಡಿಮೆ ಶಾಖಕ್ಕೇ ಕರಗುತ್ತದೆ. ಒಂದು ಟನ್ ಮಾಮೂಲಿ ಗಾಜಿಗೆ ಸುಮಾರು 200 ಕಿಲೋ ಸೋಡಾ ಆಷ್ ಬೇಕಾಗುತ್ತದೆ. ಹಳೇ ಗಾಜಿನ ಚೂರು ಬೆರೆಸಿದರೆ ಸ್ವಲ್ಪ ಕಡಿಮೆ ಸಾಕು. ಹತ್ತಿ ನೂಲಿಗೆ ಬಣ್ಣ ಹಿಡಿಸುವವರಿಗೂ, ರೇಷ್ಮೆಯ ಅಂಟು ಬಿಡಿಸುವವರಿಗೂ ಇದು ಬೇಕು. ದೊಡ್ಡಬಳ್ಳಾಪುರದ ಬಣ್ಣದ ಘಟಕಕ್ಕೂ ಫಿರೋಜಾಬಾದಿನ ಬಳೆ ಕುಲುಮೆಗೂ ಇರುವ ನಂಟು ಈ ಪುಡಿಯೇ.

ನೆಲದ ಸೋಡಾ, ಕುಲುಮೆಯ ಸೋಡಾ

ಇಡೀ ಜಗಳದ ಬೇರು ಇಲ್ಲಿದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಸೋಡಾ ಆಷ್ ಪಡೆಯಲು ಎರಡು ದಾರಿ ಇವೆ. ಮೊದಲನೆಯದು ನೆಲದಿಂದ ತೆಗೆಯುವುದು. ಅಮೆರಿಕದ ವಯೋಮಿಂಗ್ ರಾಜ್ಯದ ಗ್ರೀನ್ ರಿವರ್ ಸುತ್ತ ಕೋಟ್ಯಂತರ ವರ್ಷಗಳ ಹಿಂದೆ ಒಂದು ದೊಡ್ಡ ಕೆರೆ ಇತ್ತು. ಅದು ಬತ್ತಿ, ತಳದಲ್ಲಿ ಟ್ರೋನಾ ಎಂಬ ಖನಿಜದ ಪದರಗಳು ಉಳಿದವು. ಟ್ರೋನಾ ಅಂದರೆ ಹೆಚ್ಚುಕಡಿಮೆ ತಯಾರಾದ ಸೋಡಾವೇ. ಅಗೆದು ಪುಡಿ ಮಾಡಿ, ಕಾಯಿಸಿ, ನೀರಿನಲ್ಲಿ ಕರಗಿಸಿ, ಸೋಸಿ, ಹರಳುಗಟ್ಟಿಸಿದರೆ ಮುಗಿಯಿತು. ಟರ್ಕಿಯ ಅಂಕಾರಾ ಹತ್ತಿರದ ಬೇಪಜಾರಿ ಮತ್ತು ಕಜಾನ್‌ನಲ್ಲಿ ಅಗೆಯುವುದೂ ಇಲ್ಲ. ಕೊಳವೆ ಇಳಿಸಿ ಬಿಸಿ ನೀರು ಬಿಡುತ್ತಾರೆ. ಖನಿಜ ಒಳಗೇ ಕರಗುತ್ತದೆ, ಆ ನೀರನ್ನು ಮೇಲೆತ್ತುತ್ತಾರೆ.

ಎರಡನೆಯದು ಸಾಲ್ವೆ ವಿಧಾನ. ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೆ 1860ರ ದಶಕದಲ್ಲಿ ಕಂಡುಕೊಂಡದ್ದು. ಉಪ್ಪುನೀರಿಗೆ ಅಮೋನಿಯಾ ಹಾಯಿಸಬೇಕು. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟು, ಬಂದ ಇಂಗಾಲದ ಡೈಆಕ್ಸೈಡನ್ನು ಅದಕ್ಕೆ ಸೇರಿಸಬೇಕು. ಕೆಳಗೆ ಇಳಿದ ಬೈಕಾರ್ಬೊನೇಟನ್ನು ಮತ್ತೆ ಕಾಯಿಸಬೇಕು. ಉಪ್ಪು ಬೇಕು, ಸುಣ್ಣಕಲ್ಲು ಬೇಕು, ಕಲ್ಲಿದ್ದಲು ಬೇಕು, ಕೊನೆಗೆ ಉಳಿಯುವ ಕ್ಯಾಲ್ಸಿಯಂ ಕ್ಲೋರೈಡಿನ ಗಲೀಜು ನೀರನ್ನು ಏನು ಮಾಡುವುದು ಅನ್ನುವ ಚಿಂತೆ ಬೇರೆ.

ಭಾರತದಲ್ಲಿ ವಯೋಮಿಂಗ್‌ನಂಥ ಟ್ರೋನಾ ಗಣಿ ಇಲ್ಲ. ನಮ್ಮದು ಬಹುತೇಕ ಎರಡನೆಯ ದಾರಿ. ಉಪ್ಪೂ ಸುಣ್ಣಕಲ್ಲೂ ಒಂದೇ ಕಡೆ ಸಿಗುವ ಜಾಗ ಸೌರಾಷ್ಟ್ರದ ಕರಾವಳಿ. ಹಾಗಾಗಿ ಟಾಟಾ ಕೆಮಿಕಲ್ಸ್ ಮೀಠಾಪುರದಲ್ಲಿದೆ, ಜಿಎಚ್‌ಸಿಎಲ್ ಸೂತ್ರಾಪಾಡಾದಲ್ಲಿದೆ, ನಿರ್ಮಾ ಭಾವನಗರದ ಕಡೆ ಇದೆ. ದೇಶದ ಸೋಡಾ ಆಷ್ ಹೆಚ್ಚುಕಡಿಮೆ ಪೂರ್ತಿ ಗುಜರಾತಿನದೇ.

ನೆಲದ ಸೋಡಾಕ್ಕೆ ಖರ್ಚು ಕಡಿಮೆ, ಕುಲುಮೆಯ ಸೋಡಾಕ್ಕೆ ಜಾಸ್ತಿ. ಇದು ಯಾರ ಕುತಂತ್ರವೂ ಅಲ್ಲ, ಭೂಗರ್ಭ ಇರುವುದೇ ಹಾಗೆ. ಹಾಗಿದ್ದ ಮೇಲೆ ತನಿಖೆ ಯಾತಕ್ಕೆ?

ಡಂಪಿಂಗ್ ಅಂದರೆ ಏನು, ಏನಲ್ಲ

ಸುರಿ ಅನ್ನುವ ಮಾತು ಕೇಳಿದ ಕೂಡಲೇ ಬಂದರಿನಲ್ಲಿ ಲೋಡುಗಟ್ಟಲೆ ಮಾಲು ತಂದು ಸುರಿದ ಚಿತ್ರ ಕಣ್ಣಿಗೆ ಬರುತ್ತದೆ. ಕಾನೂನಿನಲ್ಲಿ ಅದರ ಅರ್ಥ ತುಂಬಾ ಕಿರಿದು. ಒಬ್ಬ ಮಾರಾಟಗಾರ ತನ್ನ ದೇಶದಲ್ಲಿ ಮಾರುವ ಬೆಲೆಗಿಂತ ಕಡಿಮೆ ಬೆಲೆಗೆ ನಮಗೆ ಮಾರಿದರೆ ಅದು ಡಂಪಿಂಗ್. ನಮ್ಮ ಬೆಲೆಗಿಂತ ಕಡಿಮೆ ಇದೆಯೇ ಅನ್ನುವುದು ಈ ಹಂತದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹೋಲಿಕೆ ಅವನ ಎರಡು ಬೆಲೆಗಳ ನಡುವೆ.

ಈ ಕಾನೂನು ಹಳೆಯದು. ಜಗತ್ತಿನಲ್ಲೇ ಮೊದಲು 1904ರಲ್ಲಿ ಕೆನಡಾ ಇಂಥದ್ದನ್ನು ತಂದಿತು. ಭಾರತದಲ್ಲಿ 1975ರ ಕಸ್ಟಮ್ಸ್ ಸುಂಕ ಕಾಯ್ದೆಯ 9ಎ ಸೆಕ್ಷನ್ ಮತ್ತು 1995ರ ನಿಯಮಗಳು ಇದಕ್ಕೆ ಆಧಾರ. ನಮ್ಮ ಮೊದಲ ತನಿಖೆ 1990ರ ದಶಕದ ಆರಂಭದಲ್ಲಿ ಪಿವಿಸಿ ರಾಳದ ಮೇಲೆ ನಡೆಯಿತು. ಪೈಪಿಗೆ ಬಳಸುವ ಅದೇ ಪಿವಿಸಿ. ಅಲ್ಲಿಂದ ಇಲ್ಲಿಗೆ ಎಷ್ಟು ರೂಢಿಯಾಗಿದೆ ಅಂದರೆ, ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದ 1995ರಿಂದ ಲೆಕ್ಕ ಹಾಕಿದರೆ ಅತಿ ಹೆಚ್ಚು ತನಿಖೆ ಶುರು ಮಾಡಿದ ದೇಶ ಭಾರತವೇ. ಅದರಲ್ಲೂ ದೊಡ್ಡ ಪಾಲು ರಾಸಾಯನಿಕಗಳದ್ದು.

ರಾಸಾಯನಿಕಗಳೇ ಯಾಕೆ? ಒಂದು ಕಂಪನಿಯ ಸೋಡಾ ಆಷ್‌ಗೂ ಇನ್ನೊಂದರ ಸೋಡಾ ಆಷ್‌ಗೂ ವ್ಯತ್ಯಾಸ ಅಷ್ಟಕ್ಕಷ್ಟೇ. ಬ್ರ್ಯಾಂಡು ನೋಡಿ ಯಾರೂ ಕೊಳ್ಳಲ್ಲ. ಬೆಲೆಯೇ ಎಲ್ಲ. ಜೊತೆಗೆ ಈ ಕಾರ್ಖಾನೆಗಳನ್ನು ಬೇಕೆಂದಾಗ ನಿಲ್ಲಿಸಿ ಬೇಕೆಂದಾಗ ಓಡಿಸಲು ಆಗುವುದಿಲ್ಲ. ಬೇಡಿಕೆ ಕುಸಿದರೂ ಮಾಲು ಬರುತ್ತಲೇ ಇರುತ್ತದೆ. ಆಗ ಊರಲ್ಲಿ ಬೆಲೆ ಕೆಡಿಸಿಕೊಳ್ಳದೆ ಉಳಿದದ್ದನ್ನು ಹೊರದೇಶಕ್ಕೆ ಸಿಕ್ಕ ಬೆಲೆಗೆ ಕೊಟ್ಟುಬಿಡುವುದು ಮಾರಾಟಗಾರನ ಮಟ್ಟಿಗೆ ಜಾಣತನ. ಕೊಳ್ಳುವ ದೇಶದ ಉತ್ಪಾದಕನಿಗೆ ಅದೇ ಹೊಡೆತ.

ಒಂದು ಕಿಲೋ ಲೆಕ್ಕ

ಕಾನೂನು ಕೆಲಸ ಮಾಡುವ ಬಗೆ ತಿಳಿಯಲು ಒಂದು ಊಹೆಯ ಲೆಕ್ಕ ನೋಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ.

ಒಬ್ಬ ರಫ್ತುದಾರ ನಮ್ಮ ಬಂದರಿಗೆ ಕಿಲೋಗೆ 18 ರೂಪಾಯಿಗೆ ಮಾಲು ತಲುಪಿಸುತ್ತಾನೆ. ಅದರಲ್ಲಿ 3 ರೂಪಾಯಿ ಹಡಗು, ವಿಮೆ ಇತ್ಯಾದಿ. ಅದನ್ನು ಕಳೆದರೆ ಅವನ ಕಾರ್ಖಾನೆ ಬಾಗಿಲಲ್ಲಿ ಸಿಕ್ಕ ಬೆಲೆ 15. ಅವನ ದೇಶದಲ್ಲಿ ಅದೇ ಬಾಗಿಲಲ್ಲಿ 19ಕ್ಕೆ ಮಾರುತ್ತಾನೆ. ವ್ಯತ್ಯಾಸ 4 ರೂಪಾಯಿ. ಇದು ಡಂಪಿಂಗ್ ಅಂತರ. ಅವನು ಸ್ವದೇಶದಲ್ಲೂ ನಷ್ಟಕ್ಕೇ ಮಾರುತ್ತಿದ್ದರೆ ಆ ಬೆಲೆಯನ್ನು ಒಪ್ಪುವುದಿಲ್ಲ, ಖರ್ಚಿನ ಮೇಲೆ ನ್ಯಾಯವಾದ ಲಾಭ ಸೇರಿಸಿ ಬೆಲೆ ಕಟ್ಟುತ್ತಾರೆ.

ಇಷ್ಟಕ್ಕೇ ಸುಂಕ ಬೀಳುವುದಿಲ್ಲ. ನಮ್ಮ ಉದ್ಯಮಕ್ಕೆ ಪೆಟ್ಟು ಬಿದ್ದಿರಬೇಕು, ಆ ಪೆಟ್ಟು ಇದರಿಂದಲೇ ಬಿದ್ದಿರಬೇಕು. ಅದಕ್ಕೆ ಎರಡನೆಯ ಲೆಕ್ಕ. 18ಕ್ಕೆ ಮಾಮೂಲಿ ಕಸ್ಟಮ್ಸ್ ಸುಂಕ ಸೇರಿ ಮಾಲು ಇಲ್ಲಿ 19 ರೂಪಾಯಿ 50 ಪೈಸೆಗೆ ಬೀಳುತ್ತದೆ ಅಂತಿಟ್ಟುಕೊಳ್ಳಿ. ಭಾರತದ ಕಾರ್ಖಾನೆಗೆ ಖರ್ಚು ಹುಟ್ಟಿ ನ್ಯಾಯವಾದ ಗಳಿಕೆಯೂ ಸಿಗಲು 23 ರೂಪಾಯಿ ಬೇಕು ಎಂದು ತನಿಖೆಯಲ್ಲಿ ಗೊತ್ತಾಗುತ್ತದೆ. ಅಂತರ 3 ರೂಪಾಯಿ 50 ಪೈಸೆ. ಇದು ಹಾನಿಯ ಅಂತರ. ಭಾರತದ ನಿಯಮ ಎರಡರಲ್ಲಿ ಚಿಕ್ಕದನ್ನು ಆರಿಸಿಕೊಳ್ಳುತ್ತದೆ. ಹಾಗಾಗಿ ಸುಂಕ 3 ರೂಪಾಯಿ 50 ಪೈಸೆ.

ಈಗ ಎರಡನೆಯ ರಫ್ತುದಾರನನ್ನು ತನ್ನಿ. ಇವನ ಬಳಿ ಟ್ರೋನಾ ಗಣಿ ಇದೆ. ಊರಲ್ಲಿ 14ಕ್ಕೆ ಮಾರುತ್ತಾನೆ, ನಮಗೂ 14ಕ್ಕೇ ಕೊಡುತ್ತಾನೆ. ಬಂದರಿಗೆ ಬರುವಾಗ 17. ಮೊದಲಿನವನಿಗಿಂತ ಅಗ್ಗ. ನಮ್ಮ ಕಾರ್ಖಾನೆಗೆ ಇವನಿಂದಲೇ ಜಾಸ್ತಿ ತೊಂದರೆ. ಆದರೆ ಇವನ ಡಂಪಿಂಗ್ ಅಂತರ ಸೊನ್ನೆ. ಸುಂಕ ಇಲ್ಲ. ಅಂತರ 2 ಶೇಕಡಾಕ್ಕಿಂತ ಕಡಿಮೆ ಇದ್ದರೂ ಅವನ ಮೇಲಿನ ತನಿಖೆ ಅಲ್ಲಿಗೇ ಮುಗಿಯುತ್ತದೆ.

ಹಾಗಾಗಿ 'ಅಗ್ಗದ ಆಮದಿನ ವಿರುದ್ಧ ತನಿಖೆ' ಅಂತ ಬರೆಯುವುದು ಅರ್ಧ ಸತ್ಯ ಮಾತ್ರ. ತನಿಖೆ ಕೇಳುವುದು 'ನೀನು ನಿನ್ನ ಊರಲ್ಲಿ ಎಷ್ಟಕ್ಕೆ ಮಾರ್ತೀಯ?' ಎಂದು. ನೆಲದ ಸೋಡಾದವನು ತನ್ನ ಊರಲ್ಲೂ ಅಗ್ಗಕ್ಕೇ ಮಾರುತ್ತಿದ್ದರೆ ಅವನನ್ನು ಈ ಕಾನೂನಿನಿಂದ ಮುಟ್ಟಲು ಆಗುವುದಿಲ್ಲ. ಊರಲ್ಲಿ ದುಬಾರಿಗೆ ಮಾರಿ ಇಲ್ಲಿ ಅಗ್ಗಕ್ಕೆ ಕೊಟ್ಟರೆ ಮಾತ್ರ ಸಿಕ್ಕಿಬೀಳುತ್ತಾನೆ.

ಚೀನಾದ ವಿಷಯ ಬೇರೆ. ಅಲ್ಲಿನ ಬೆಲೆಗಳನ್ನು ಮಾರುಕಟ್ಟೆಯೇ ತೀರ್ಮಾನಿಸುತ್ತದೆ ಎಂದು ಭಾರತ ಒಪ್ಪುವುದಿಲ್ಲ. ಹಾಗಾಗಿ ಬೇರೆ ಆಧಾರದ ಮೇಲೆ ಬೆಲೆ ಕಟ್ಟುತ್ತಾರೆ. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರುವಾಗ ಆದ ಒಪ್ಪಂದದಲ್ಲಿ ಇದಕ್ಕೆ ಅವಕಾಶ ಕೊಟ್ಟ ಭಾಗ 2016ಕ್ಕೇ ಮುಗಿಯಿತು ಅನ್ನುವುದು ಚೀನಾದ ವಾದ. ಆ ತಕರಾರು ಇನ್ನೂ ಹರಿದಿಲ್ಲ.

ನಕ್ಷತ್ರ ತುಂಬಿದ ವರದಿ

ತನಿಖೆ ನಡೆಸುವುದು ವಾಣಿಜ್ಯ ಸಚಿವಾಲಯದ ಕೆಳಗಿನ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯ. ಎಲ್ಲರೂ ಡಿಜಿಟಿಆರ್ ಅನ್ನುತ್ತಾರೆ. 2018ರಲ್ಲಿ ಹಳೆಯ ಕಚೇರಿಗಳನ್ನು ಒಂದುಗೂಡಿಸಿ ಇದನ್ನು ಮಾಡಿದರು. ಒಂದು ಕಂಪನಿ ಸುಮ್ಮನೆ ಹೋಗಿ ದೂರು ಕೊಟ್ಟರೆ ನಡೆಯುವುದಿಲ್ಲ. ದೇಶದ ಉತ್ಪಾದನೆಯಲ್ಲಿ ಕನಿಷ್ಠ 25 ಶೇಕಡಾ ಪಾಲಿರುವವರು ದೂರಿನ ಹಿಂದೆ ಇರಬೇಕು. ತನಿಖೆ ಒಂದು ವರ್ಷದಲ್ಲಿ ಮುಗಿಯಬೇಕು, ಹೆಚ್ಚೆಂದರೆ 18 ತಿಂಗಳು.

ರಫ್ತುದಾರರಿಗೂ ಆಮದುದಾರರಿಗೂ ಬಳಕೆದಾರರಿಗೂ ಉದ್ದುದ್ದ ಪ್ರಶ್ನಾವಳಿ ಹೋಗುತ್ತದೆ. ಉತ್ತರ ಕೊಟ್ಟ ವಿದೇಶಿ ಕಂಪನಿಗೆ ಅದರದ್ದೇ ಲೆಕ್ಕದ ಮೇಲೆ ಪ್ರತ್ಯೇಕ ಸುಂಕ. ಉತ್ತರ ಕೊಡದವರನ್ನೆಲ್ಲ ಒಟ್ಟಿಗೆ ಸೇರಿಸಿ, ಸಿಕ್ಕ ಮಾಹಿತಿಯ ಮೇಲೆ ಹೆಚ್ಚಿನ ಸುಂಕ. ಒಂದೇ ದೇಶದ ಎರಡು ಕಂಪನಿಗೆ ಬೇರೆ ಬೇರೆ ದರ ಇರುವುದು ಇದರಿಂದಲೇ.

ಅಂತಿಮ ವರದಿ ಯಾರು ಬೇಕಾದರೂ ಓದಬಹುದು. ಓದಲು ಕೂತರೆ ಮಾತ್ರ ನಿರಾಸೆಯಾಗುತ್ತದೆ. ಮುಖ್ಯ ಅಂಕಿ ಇರಬೇಕಾದ ಜಾಗದಲ್ಲೆಲ್ಲ ಮೂರು ನಕ್ಷತ್ರದ ಗುರುತು. ಖರ್ಚು ಎಷ್ಟು? ನಕ್ಷತ್ರ. ಲಾಭ ಎಷ್ಟು? ನಕ್ಷತ್ರ. ಪಕ್ಕದಲ್ಲಿ ಮೊದಲ ವರ್ಷ 100 ಅಂತ ಇಟ್ಟುಕೊಂಡರೆ ನಂತರ 112, ಆಮೇಲೆ 97 ಅನ್ನುವ ಸೂಚ್ಯಂಕ ಮಾತ್ರ. ವ್ಯಾಪಾರದ ಗುಟ್ಟು ಎದುರಾಳಿಗೆ ಹೋಗಬಾರದು ಅನ್ನುವುದು ಸರಿಯಾದ ಕಾರಣವೇ. ಆದರೆ 23 ರೂಪಾಯಿ ಬೇಕು ಎಂದು ಹೇಳಿದ್ದು ನ್ಯಾಯವೋ ಅನ್ಯಾಯವೋ ಎಂದು ಹೊರಗಿನವರು ಪರೀಕ್ಷಿಸುವುದಕ್ಕೆ ದಾರಿಯೇ ಇಲ್ಲ. ಆ ಬೆಲೆಯೊಳಗೆ, ಹೂಡಿದ ಬಂಡವಾಳದ ಮೇಲೆ 22 ಶೇಕಡಾ ಗಳಿಕೆ ಸೇರಿಸುವ ರೂಢಿ ಬಹಳ ಕಾಲದಿಂದ ಇದೆ. ಬಡ್ಡಿ ದರ ಎಲ್ಲಿಂದ ಎಲ್ಲಿಗೋ ಇಳಿದರೂ ಈ 22 ಯಾಕೆ ಇಳಿಯಲ್ಲ ಎಂದು ಬಳಕೆದಾರರು ಕೇಳುತ್ತಲೇ ಇದ್ದಾರೆ. ಅವರ ಪ್ರಶ್ನೆಯಲ್ಲಿ ಹುರುಳಿದೆ.

ಎರಡೂ ಕಡೆಯ ಮಾತು

ಕಾರ್ಖಾನೆಯವರ ವಾದವನ್ನು ಬರೀ ಅಳು ಅಂತ ತಳ್ಳಿಹಾಕುವ ಹಾಗಿಲ್ಲ. ಚೀನಾದ ಒಳ ಮಂಗೋಲಿಯಾದಲ್ಲಿ 2023ರಿಂದ ನೆಲದ ಸೋಡಾದ ಭಾರಿ ಹೊಸ ಘಟಕ ಉತ್ಪಾದನೆ ಶುರು ಮಾಡಿತು. ಜಗತ್ತಿನಲ್ಲಿ ಮಾಲು ಮಿಕ್ಕಿತು. ಬೆಲೆ ಬಿತ್ತು. ಅಲ್ಲಿ ಜಾಗ ಸಿಗದ ಟರ್ಕಿ, ಅಮೆರಿಕದ ಮಾಲು ಬೇಡಿಕೆ ಬೆಳೆಯುತ್ತಿರುವ ದೇಶ ಹುಡುಕಿತು. ಅಂಥ ದೇಶ ಭಾರತ. ಸಾಲ್ವೆ ಕಾರ್ಖಾನೆ ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಅಷ್ಟು ಸುಲಭವಲ್ಲ. ಇಂಗ್ಲೆಂಡಿನ ನಾರ್ಥ್‌ವಿಚ್ ಬಳಿ, ಬ್ರೂನರ್ ಮತ್ತು ಮಾಂಡ್ 1873ರಲ್ಲಿ ಸೋಡಾ ಉದ್ಯಮ ಕಟ್ಟಿದ ಊರಿನ ಪಕ್ಕದಲ್ಲೇ, ಲಾಸ್ಟಾಕ್ ಘಟಕ 2025ರ ಆರಂಭದಲ್ಲಿ ಉತ್ಪಾದನೆ ನಿಲ್ಲಿಸಿತು. ಅದರ ಮಾಲೀಕರು ಟಾಟಾ ಕೆಮಿಕಲ್ಸ್‌ನವರೇ. ಮೀಠಾಪುರಕ್ಕೂ ಹಾಗಾದರೆ ಉಪ್ಪಿನ ಗದ್ದೆಯಿಂದ ಹಿಡಿದು ಸುಣ್ಣಕಲ್ಲಿನ ಗಣಿಯವರೆಗೆ ಎಲ್ಲರ ಕೆಲಸಕ್ಕೂ ಕುತ್ತು. ಆಮೇಲೆ ಬೆಲೆ ಹೇಳುವವರು ಹೊರಗಿನವರೇ ಆಗುತ್ತಾರೆ.

ಗಾಜಿನವರು, ಡಿಟರ್ಜೆಂಟಿನವರು ಬೇರೆ ಹೇಳುತ್ತಾರೆ. 2022ರ ಸುಮಾರಿಗೆ ಇಂಧನದ ಬೆಲೆಯ ಜೊತೆ ಸೋಡಾ ಆಷ್ ಬೆಲೆಯೂ ಜಗತ್ತಿನಲ್ಲೆಲ್ಲ ಏರಿ, ಇದೇ ಕಂಪನಿಗಳು ಭರ್ಜರಿ ಲಾಭ ಮಾಡಿದಾಗ ನಮ್ಮ ಕಷ್ಟ ಯಾರೂ ಕೇಳಲಿಲ್ಲ, ಈಗ ಬೆಲೆ ಇಳಿದ ಕೂಡಲೇ ರಕ್ಷಣೆ ಬೇಕಾ ಅನ್ನುವುದು ಅವರ ಪ್ರಶ್ನೆ. ಇನ್ನೊಂದು ಮಾತು ದಕ್ಷಿಣದವರಿಗೆ ನೇರವಾಗಿ ತಟ್ಟುತ್ತದೆ. ಎಲ್ಲ ಮಾಲೂ ಗುಜರಾತಿನಿಂದ ಬರಬೇಕು, ಲಾರಿ ಬಾಡಿಗೆ ಕಟ್ಟಬೇಕು. ಚೆನ್ನೈ, ತೂತುಕುಡಿ ಬಂದರಿಗೆ ಹಡಗಿನಲ್ಲಿ ಬಂದ ಮಾಲು ಆ ಬಾಡಿಗೆಯ ಎದುರು ಒಂದು ಹಿಡಿತ. ಅದು ನಿಂತರೆ ಚೌಕಾಸಿ ಮಾಡುವ ಶಕ್ತಿಯೂ ಹೋಯಿತು. ಕೈಬೆರಳಲ್ಲಿ ಎಣಿಸುವಷ್ಟು ಉತ್ಪಾದಕರು, ಎಲ್ಲರೂ ಒಂದೇ ಕಡೆ. ಸುಂಕ ಬಿದ್ದರೆ ದೇಶದ ಮಾಲಿನ ಬೆಲೆಯೂ ಸುಂಕದಷ್ಟೇ ಏರಿ ನಿಲ್ಲುತ್ತದೆ ಅನ್ನುವ ಅವರ ಭಯ ಸುಳ್ಳಲ್ಲ.

ಎರಡು ದಡದಲ್ಲೂ ಅವರೇ

ಇಲ್ಲೊಂದು ತಮಾಷೆ ಇದೆ. ನಿರ್ಮಾ 2007ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸರ್ಲ್ಸ್ ವ್ಯಾಲಿ ಮಿನರಲ್ಸ್ ಕಂಪನಿಯನ್ನು ಕೊಂಡಿತು. ಅಲ್ಲಿ ಸೋಡಾ ಸಿಗುವುದು ಒಣಗಿದ ಕೆರೆಯ ಉಪ್ಪುನೀರಿನಿಂದ. ಊರಿನ ಹೆಸರೇ ಟ್ರೋನಾ. ಟಾಟಾ ಕೆಮಿಕಲ್ಸ್ 2008ರಲ್ಲಿ ವಯೋಮಿಂಗ್‌ನಲ್ಲಿ ಗಣಿ ಇದ್ದ ಜನರಲ್ ಕೆಮಿಕಲ್ ಕಂಪನಿಯನ್ನು ಸುಮಾರು 100 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕೆನ್ಯಾದ ಮಗಾಡಿ ಕೆರೆಯ ಸೋಡಾವೂ ಅವರದ್ದೇ. ಅಂದರೆ ಭಾರತದಲ್ಲಿ ಕುಲುಮೆಯ ಸೋಡಾ ಮಾಡುವವರಲ್ಲಿ ಇಬ್ಬರು ಹೊರಗೆ ನೆಲದ ಸೋಡಾದ ಮಾಲೀಕರು.

ಕಾನೂನು ಇದನ್ನು ಯೋಚಿಸಿಲ್ಲ ಅಂತಲ್ಲ. ಉತ್ಪಾದಕ ತಾನೇ ಆ ಮಾಲಿನ ಆಮದುದಾರನಾಗಿದ್ದರೆ ಅಥವಾ ರಫ್ತು ಮಾಡುವವನ ಬಂಧುವಾಗಿದ್ದರೆ ಅವನನ್ನು 'ದೇಶೀಯ ಉದ್ಯಮ' ಅನ್ನುವ ಲೆಕ್ಕದಿಂದ ಹೊರಗಿಡಲು ಅವಕಾಶ ಇದೆ. ಹೊರಗಿಡಲೇಬೇಕು ಅಂತಿಲ್ಲ, ಅದು ತನಿಖಾಧಿಕಾರಿಯ ವಿವೇಚನೆ. ಸೋಡಾ ಆಷ್‌ನಂಥ ಪ್ರಕರಣದಲ್ಲಿ ಯಾರನ್ನು ಒಳಗೆ ಎಣಿಸಿದರು ಅನ್ನುವುದರ ಮೇಲೆ ಹಾನಿಯ ಚಿತ್ರವೇ ಬದಲಾಗಿಬಿಡುತ್ತದೆ. ಹಾಗಾಗಿ ವಕೀಲರ ಮೊದಲ ಜಗಳ ಬೆಲೆಯ ಬಗ್ಗೆ ಇರುವುದಿಲ್ಲ, ದೂರು ಕೊಡುವ ಹಕ್ಕು ಯಾರಿಗಿದೆ ಅನ್ನುವುದರ ಬಗ್ಗೆ ಇರುತ್ತದೆ.

ಈ ಪುಡಿಯ ಕಾನೂನು ಚರಿತ್ರೆ ಇನ್ನೂ ಹಿಂದಕ್ಕೆ ಹೋಗುತ್ತದೆ. 1996ರಲ್ಲಿ ಅಮೆರಿಕದ ಸೋಡಾ ಉತ್ಪಾದಕರ ಒಕ್ಕೂಟವಾದ ಆನ್ಸ್ಯಾಕ್ ಭಾರತಕ್ಕೆ ಮಾಲು ಕಳಿಸಲು ಹೊರಟಿತು. ಇವರೆಲ್ಲ ಸೇರಿ ಬೆಲೆ ಕಟ್ಟುವ ಕೂಟ ಮಾಡಿದ್ದಾರೆ ಎಂದು ನಮ್ಮ ಅಲ್ಕಲಿ ತಯಾರಕರ ಸಂಘ ಏಕಸ್ವಾಮ್ಯ ತಡೆಯುವ ಆಯೋಗಕ್ಕೆ ಹೋಯಿತು. ಆಯೋಗ ತಡೆಯಾಜ್ಞೆ ಕೊಟ್ಟಿತು. 2002ರಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು. ಅಗ್ಗದ ಆಮದು ಅನ್ನುವ ಕಾರಣಕ್ಕೇ ಆಯೋಗ ಅದನ್ನು ನಿಲ್ಲಿಸಲು ಆಗದು, ಡಂಪಿಂಗ್ ಎಂದು ದೂರಿದ್ದರೆ ಅದಕ್ಕೇ ಇರುವ ಕಾನೂನಿನ ದಾರಿ ಹಿಡಿಯಿರಿ ಅನ್ನುವುದು ಆ ತೀರ್ಪಿನ ಸಾರ. ಟಾಟಾ ಮುಂದೆ ಕೊಂಡ ಜನರಲ್ ಕೆಮಿಕಲ್ ಅದೇ ಆನ್ಸ್ಯಾಕ್‌ನ ಸದಸ್ಯ ಕಂಪನಿಯಾಗಿತ್ತು.

ಕನಿಷ್ಠ ಬೆಲೆ, ಸುಂಕ: ದುಡ್ಡು ಯಾರ ಜೇಬಿಗೆ?

20,108 ರೂಪಾಯಿಯ ಕನಿಷ್ಠ ಆಮದು ಬೆಲೆ ಹಾಕಿದ್ದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ಇದಕ್ಕೆ ಡಂಪಿಂಗ್ ಸಾಬೀತು ಮಾಡುವ ಅಗತ್ಯ ಇಲ್ಲ, ಪ್ರಶ್ನಾವಳಿ ಇಲ್ಲ, ವರ್ಷಗಟ್ಟಲೆ ಕಾಯುವುದಿಲ್ಲ. ಯಾವ ದೇಶದ ಮಾಲು ಅನ್ನುವ ಭೇದವೂ ಇಲ್ಲ. ನಮ್ಮ ಲೆಕ್ಕದ ಎರಡನೆಯ ರಫ್ತುದಾರ, ಊರಲ್ಲೂ ಇಲ್ಲೂ 14ಕ್ಕೇ ಮಾರುವ ಪ್ರಾಮಾಣಿಕ, ಇದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಸುರಿ ವಿರೋಧಿ ಕಾನೂನು ಮುಟ್ಟಲಾಗದವನನ್ನೂ ಇದು ಮುಟ್ಟುತ್ತದೆ. ಕಾರ್ಖಾನೆಯವರಿಗೆ ಇದು ಯಾಕೆ ಇಷ್ಟ ಅನ್ನುವುದು ಅರ್ಥವಾಗುವ ಮಾತೇ.

ಆದರೆ ಒಂದು ಸೂಕ್ಷ್ಮ ಇದೆ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ವಿದೇಶಿ ಕಂಪನಿ ಟನ್ನಿಗೆ 17,000ಕ್ಕೆ ಕೊಡಲು ತಯಾರಿತ್ತು ಅಂತಿಟ್ಟುಕೊಳ್ಳಿ. ಕನಿಷ್ಠ ಬೆಲೆ ಬಂದ ಮೇಲೆ ಅದು ಬಿಲ್ಲಿನಲ್ಲಿ 20,108 ಬರೆಯುತ್ತದೆ, ಅಷ್ಟೇ. ಮೇಲಿನ 3,108 ಎಲ್ಲಿಗೆ ಹೋಯಿತು? ಆ ವಿದೇಶಿ ಕಂಪನಿಯ ಜೇಬಿಗೆ. ಸುಂಕ ಹಾಕಿದ್ದರೆ ಆ ದುಡ್ಡು ನಮ್ಮ ಖಜಾನೆಗೆ ಬರುತ್ತಿತ್ತು. ಗಾಜಿನ ಕಾರ್ಖಾನೆಯವನು ಎರಡೂ ಕಡೆ ಅಷ್ಟೇ ಕಳೆದುಕೊಳ್ಳುತ್ತಾನೆ. ತಾತ್ಕಾಲಿಕ ತಡೆಗೋಡೆಯಾಗಿ ಕನಿಷ್ಠ ಬೆಲೆ ಪರವಾಗಿಲ್ಲ. ಅದನ್ನೇ ಮತ್ತೆ ಮತ್ತೆ ವಿಸ್ತರಿಸುವುದು, ನನ್ನ ಪ್ರಕಾರ, ಹೊರಗಿನವರಿಗೆ ನಾವೇ ಲಾಭ ಕಟ್ಟಿಕೊಟ್ಟಂತೆ.

ಶಿಫಾರಸು ಒಬ್ಬರದು, ಸಹಿ ಇನ್ನೊಬ್ಬರದು

ಡಿಜಿಟಿಆರ್ ಸುಂಕ ಹಾಕುವುದಿಲ್ಲ, ಶಿಫಾರಸು ಮಾತ್ರ ಮಾಡುತ್ತದೆ. ಹಾಕುವುದು ಹಣಕಾಸು ಸಚಿವಾಲಯ. ಅದಕ್ಕೆ ಮೂರು ತಿಂಗಳು ಸಮಯ. 'ಸುಂಕಕ್ಕೆ ಶಿಫಾರಸು' ಎಂಬ ಸುದ್ದಿ ಬಂದ ದಿನ ಷೇರುಪೇಟೆಯಲ್ಲಿ ಖುಷಿಪಡುವವರು ಈ ಭಾಗ ಓದಿರುವುದಿಲ್ಲ. 2020ರಿಂದೀಚೆಗೆ ಹಣಕಾಸು ಸಚಿವಾಲಯ ಸಾಕಷ್ಟು ಶಿಫಾರಸುಗಳನ್ನು ಒಪ್ಪದೆ ಬಿಟ್ಟಿದೆ. ಒಪ್ಪದಿದ್ದರೆ ಕಾರಣ ಕೊಡಬೇಕು ಎಂದು 2021ರಲ್ಲಿ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಹೇಳಿತು. 2023ರ ಹಣಕಾಸು ಕಾಯ್ದೆಯಲ್ಲಿ ಸರ್ಕಾರ ಮೇಲ್ಮನವಿಯ ಸೆಕ್ಷನ್ನನ್ನೇ ತಿದ್ದಿತು, ಅದೂ 1995ರಿಂದ ಪೂರ್ವಾನ್ವಯವಾಗುವಂತೆ.

ಇದು ಇಲಾಖೆಗಳ ಜಗಳದಂತೆ ಕಾಣುತ್ತದೆ. ನಿಜವಾಗಿ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರಿಸುತ್ತಿದ್ದಾರೆ. ಡಿಜಿಟಿಆರ್ ಪ್ರಶ್ನೆ: ಡಂಪಿಂಗ್ ಆಗಿದೆಯಾ, ಉತ್ಪಾದಕನಿಗೆ ಅದರಿಂದ ಪೆಟ್ಟು ಬಿತ್ತಾ? ಹಣಕಾಸಿನವರ ಪ್ರಶ್ನೆ: ಸುಂಕ ಹಾಕಿದರೆ ಬಳಸುವವನ ಗತಿ ಏನು, ಬೆಲೆ ಏರಿಕೆ ಎಷ್ಟು? ಯುರೋಪಿನಲ್ಲಿ ಎರಡನೆಯ ಪ್ರಶ್ನೆಯೂ ತನಿಖೆಯ ಭಾಗವೇ. ಚೀನಾದ ಟೈಟಾನಿಯಂ ಡೈಆಕ್ಸೈಡ್ ಮೇಲೆ, ಅಂದರೆ ಪೇಂಟಿಗೆ ಬಿಳುಪು ಕೊಡುವ ಪುಡಿಯ ಮೇಲೆ, 2025ರ ಜನವರಿಯಲ್ಲಿ ಅಲ್ಲಿ ಅಂತಿಮ ಸುಂಕ ಬಿದ್ದಾಗ ಬಳಕೆದಾರರ ಹಿತವನ್ನೂ ತೂಗಿ ಕಾರಣ ಬರೆದಿದ್ದರು. ಅದೇ ಪುಡಿಗೆ 2025ರ ಮೇ ತಿಂಗಳಲ್ಲಿ ಭಾರತವೂ ಟನ್ನಿಗೆ 460ರಿಂದ 681 ಡಾಲರ್ ಸುಂಕ ಹಾಕಿತು. ಇಲ್ಲಿ ಡಿಜಿಟಿಆರ್ ಬಳಕೆದಾರರಿಗೂ ಪ್ರಶ್ನಾವಳಿ ಕಳಿಸುತ್ತದೆ ನಿಜ. ಆದರೆ ನಿಯಮದಲ್ಲಿ ಬಳಕೆದಾರರ ಹಿತ ಎಂಬ ಕಡ್ಡಾಯ ಪರೀಕ್ಷೆ ಇಲ್ಲ. ಕೊನೆಗೆ ಅದನ್ನು ಮಾಡುವವರು ಹಣಕಾಸಿನವರು, ಬಾಗಿಲು ಮುಚ್ಚಿಕೊಂಡು. ಮಾಡುವುದು ತಪ್ಪಲ್ಲ, ಬಾಗಿಲು ಮುಚ್ಚಿ ಮಾಡುವುದು ತಪ್ಪು.

ಬಾಟಲಿಗೆ ಎಷ್ಟು, ಪ್ಯಾನೆಲ್‌ಗೆ ಎಷ್ಟು?

ನಮ್ಮ ಊಹೆಯ ಸುಂಕ ಕಿಲೋಗೆ 3 ರೂಪಾಯಿ 50 ಪೈಸೆ ಇತ್ತಲ್ಲ, ಅದನ್ನೇ ಹಿಡಿದು ಮುಂದೆ ಹೋಗೋಣ. ಒಂದು ಟನ್ ಗಾಜಿಗೆ 200 ಕಿಲೋ ಸೋಡಾ, ಅಂದರೆ 700 ರೂಪಾಯಿ ಹೆಚ್ಚಿಗೆ. 200 ಗ್ರಾಂ ತೂಕದ ಬಾಟಲಿಗೆ 14 ಪೈಸೆ. ಕೊಳ್ಳುವವನಿಗೆ ಗೊತ್ತೇ ಆಗುವುದಿಲ್ಲ. ಬಟ್ಟೆ ಪುಡಿಯ 10 ರೂಪಾಯಿ ಪ್ಯಾಕೆಟ್ಟಿನಲ್ಲಿ ಬೆಲೆ ಏರಿಸುವ ಹಾಗೇ ಇಲ್ಲ, ಅಲ್ಲಿ ಗ್ರಾಂ ಇಳಿಯುತ್ತದೆ. ಹಾಗಾಗಿ ಸುಂಕದಿಂದ ಮನೆಖರ್ಚು ಏರಿಬಿಡುತ್ತದೆ ಅನ್ನುವುದು ದೊಡ್ಡ ಮಾತು.

ಪೆಟ್ಟು ಬೀಳುವುದು ನಡುವಿನವರಿಗೆ. ಬಾಟಲಿ ಕಾರ್ಖಾನೆ ದಿನಕ್ಕೆ ನೂರು ಟನ್ ಗಾಜು ಕರಗಿಸಿದರೆ ದಿನಕ್ಕೆ 70,000 ರೂಪಾಯಿ ಹೆಚ್ಚಿಗೆ. ಬಾಟಲಿ ಕೊಳ್ಳುವ ದೊಡ್ಡ ಕಂಪನಿ ಬೆಲೆ ಏರಿಸಲು ಬಿಡುವುದಿಲ್ಲ. ಬಳೆ ಮಾಡುವವನಿಗೂ ಬಣ್ಣದ ಘಟಕದವನಿಗೂ ಸೋಡಾ ಕಂಪನಿಗಳಂತೆ ದೆಹಲಿಯಲ್ಲಿ ವಕೀಲರಿಲ್ಲ, ನೂರು ಪುಟದ ಪ್ರಶ್ನಾವಳಿ ತುಂಬುವ ಪುರುಸೊತ್ತೂ ಇಲ್ಲ.

ಇನ್ನೊಂದು ಪರಿಣಾಮ ನಿಧಾನವಾಗಿ ಬರುತ್ತದೆ. ಸೋಲಾರ್ ಪ್ಯಾನೆಲ್ಲಿನ ಮೇಲಿನ ಗಾಜು 3.2 ಮಿಲಿಮೀಟರ್ ದಪ್ಪ. ಎರಡು ಚದರ ಮೀಟರ್ ಪ್ಯಾನೆಲ್ಲಿಗೆ ಸುಮಾರು 16 ಕಿಲೋ ಗಾಜು, ಅದರಲ್ಲಿ 3 ಕಿಲೋಗೂ ಸ್ವಲ್ಪ ಹೆಚ್ಚು ಸೋಡಾ. ನಮ್ಮ ಲೆಕ್ಕದಲ್ಲಿ 11 ರೂಪಾಯಿ. ಇಲ್ಲಿ ಗಾಜು ಮಾಡುವವನಿಗೆ ಖರ್ಚು ಏರಿತು. ವಿದೇಶದ ಗಾಜಿನವನಿಗೆ ಅಗ್ಗದ ಸೋಡಾ ಸಿಗುತ್ತಲೇ ಇದೆ. ಆಗ ಸೋಡಾ ಬದಲು ಗಾಜೇ ಆಮದಾಗುತ್ತದೆ. ಗಾಜಿನವನೂ ಡಿಜಿಟಿಆರ್ ಬಾಗಿಲು ತಟ್ಟುತ್ತಾನೆ. 2024ರ ಡಿಸೆಂಬರ್‌ನಲ್ಲಿ, ಸೋಡಾಕ್ಕೆ ಕನಿಷ್ಠ ಬೆಲೆ ಬಂದ ಅದೇ ತಿಂಗಳು, ಚೀನಾ ಮತ್ತು ವಿಯೆಟ್ನಾಂನ ಸೋಲಾರ್ ಗಾಜಿನ ಮೇಲೆ ತಾತ್ಕಾಲಿಕ ಸುರಿ ವಿರೋಧಿ ಸುಂಕ ಬಂತು. ಅದಕ್ಕೂ ಮೊದಲು, 2022ರ ಏಪ್ರಿಲ್‌ನಲ್ಲಿ, ಪ್ಯಾನೆಲ್ಲಿನ ಮೇಲೇ 40 ಶೇಕಡಾ ಕಸ್ಟಮ್ಸ್ ಸುಂಕ ಬಂದಿತ್ತು. ಪುಡಿಗೊಂದು, ಗಾಜಿಗೊಂದು, ಪ್ಯಾನೆಲ್‌ಗೊಂದು. ಪ್ರತಿಯೊಂದಕ್ಕೂ ಅದರದ್ದೇ ಆದ ಒಳ್ಳೆಯ ಕಾರಣ ಇದೆ. ಪಾವಗಡದಂಥ ಸೋಲಾರ್ ಪಾರ್ಕ್ ಕಟ್ಟುವವನು ಮೂರನ್ನೂ ಕೂಡಿಸಿ ಕಟ್ಟುತ್ತಾನೆ, ಆಮೇಲೆ ಅದು ವಿದ್ಯುತ್ತಿನ ದರದಲ್ಲಿ ಕೂರುತ್ತದೆ.

ಐದು ವರ್ಷ ಆದ ಮೇಲೆ

ಸುರಿ ವಿರೋಧಿ ಸುಂಕ ಹಾಕಿದರೆ ಅದರ ಆಯಸ್ಸು ಐದು ವರ್ಷ. ಅವಧಿ ಮುಗಿಯುವ ಮುನ್ನ ಉದ್ಯಮ ಮತ್ತೆ ಅರ್ಜಿ ಹಾಕಬಹುದು. ಸುಂಕ ತೆಗೆದರೆ ಡಂಪಿಂಗ್ ಮರಳಿ ಬರುತ್ತದೆ ಎಂದು ತೋರಿಸಿದರೆ ಇನ್ನೈದು ವರ್ಷ. ಈ ನಡುವೆ ಮಾಲು ಸುಂಕವಿಲ್ಲದ ಇನ್ನೊಂದು ದೇಶದಿಂದ ಬರಲು ಶುರುವಾಗುತ್ತದೆ, ಆಗ ಆ ದೇಶದ ಮೇಲೆ ಹೊಸ ಕಡತ. ಸೋಡಾ ಆಷ್ ಈ ಸುತ್ತುಗಳನ್ನು ಮೊದಲೇ ಕಂಡಿದೆ. 2009ರಲ್ಲಿ ಚೀನಾದ ಮಾಲಿಗೆ ರಕ್ಷಣಾ ಸುಂಕ (ಆಮದು ದಿಢೀರನೆ ಏರಿದಾಗ ಹಾಕುವಂಥದ್ದು), 2012ರ ಆಸುಪಾಸಿನಲ್ಲಿ ಚೀನಾ, ಯುರೋಪು, ಕೆನ್ಯಾ, ಅಮೆರಿಕ ಎಲ್ಲ ಸೇರಿಸಿ ಸುರಿ ವಿರೋಧಿ ಸುಂಕ, ಬೆನ್ನಿಗೇ ಟರ್ಕಿ ಮತ್ತು ರಷ್ಯಾ. ಈಗ ಮತ್ತೆ ಟರ್ಕಿ, ಮತ್ತೆ ರಷ್ಯಾ, ಮತ್ತೆ ಅಮೆರಿಕ.

ಸುಂಕ ಕೊಟ್ಟ ಆ ವರ್ಷಗಳಲ್ಲಿ ಕಾರ್ಖಾನೆ ಏನು ಮಾಡಿತು, ಖರ್ಚು ಎಷ್ಟು ಇಳಿಸಿತು ಎಂದು ಮರುಪರಿಶೀಲನೆಯಲ್ಲಿ ಕೇಳಬೇಕಾದ ಕಡ್ಡಾಯ ಪ್ರಶ್ನೆ ಯಾವುದೂ ಇಲ್ಲ. ಅತ್ತ 2025ರಲ್ಲಿ ಟರ್ಕಿಯ ಆ ಗಣಿಗಳ ಒಡೆಯನಾದ ವಿ ಸೋಡಾ ಕಂಪನಿ ವಯೋಮಿಂಗ್‌ನ ಜೆನೆಸಿಸ್ ಅಲ್ಕಲಿಯನ್ನೂ ಕೊಂಡಿತು. ಅಂಕಾರಾದ ಬಿಸಿನೀರಿನ ಕೊಳವೆಗೂ ಗ್ರೀನ್ ರಿವರಿನ ಗಣಿಗೂ ಈಗ ಒಬ್ಬನೇ ಯಜಮಾನ. ಮೀಠಾಪುರದ ಗೂಡಿನಲ್ಲಿ ಸುಣ್ಣಕಲ್ಲು ಇನ್ನೂ ಉರಿಯಬೇಕು.